ಕೊನೆಯವನಿಗಾಗಿ ಕಾದು ನಿಂತ ಮೊದಲಿಗ

ಹಿಮವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೈಲಾಸದ ಚಿತ್ರ. ಪಡಸಾಲೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಬೆಳ್ಳಗೆ ಹೊಳೆಯುವ ಆ ಪರ್ವತವನ್ನು ಚಿಕ್ಕಂದಿನಿಂದಲೂ ನೋಡುತ್ತ ಬೆಳೆದವರು ನಾವು. ಆದರೆ ಹಿಮವನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ರಾಯಚೂರು, ಕಲಬುರಗಿ, ವಿಜಯಪುರಗಳ ಬಿಸಿಲಿನಲ್ಲಿ ಬಾಳುವ ಮನೆಗಳಲ್ಲಿ ಕೇದಾರ ಯಾತ್ರೆ ಮಾಡಿ ಬಂದ ಹಿರಿಯರೊಬ್ಬರಿದ್ದರೆ, ಅವರು ಕಂಡ ಹಿಮದ ಮಾತು ವರ್ಷಗಟ್ಟಲೆ ನಡೆಯುತ್ತದೆ. ಅಂತಹ ನಾಡಿನವರಾದ ನಮಗೆ, ಬಿಸಿಲ ದೇಶದಲ್ಲಿ ಹುಟ್ಟಿ ಹಿಮದ ಮೇಲಿನ ಸ್ಪರ್ಧೆಗೆ ಹೋದವನೊಬ್ಬನ ಕಥೆ ಪರದೇಶದ ಕಥೆಯೆನಿಸಿದರೂ ಪರರ ಕಥೆಯೆನಿಸಲಾರದು.

ಅವರ ಹೆಸರು ಫಿಲಿಪ್ ಬೋಯ್ಟ್. ದೇಶ ಆಫ್ರಿಕಾ ಖಂಡದ ಕೀನ್ಯಾ. ಭೂಮಧ್ಯರೇಖೆ ಆ ದೇಶದ ನಡುವೆಯೇ ಹಾದುಹೋಗುತ್ತದೆ. ಹಾಗೆಂದು ಅಲ್ಲಿ ಹಿಮವೇ ಇಲ್ಲವೆನ್ನಲಾಗದು. ೫,೧೯೯ ಮೀಟರ್ ಎತ್ತರದ ಕೀನ್ಯಾ ಪರ್ವತದ ನೆತ್ತಿಯಲ್ಲಿ ಹಿಮವುಂಟು; ಅಲ್ಲಿನ ಕಿಕುಯು ಜನರ ನಂಬಿಕೆಯಂತೆ ಅವರ ದೇವರಾದ ಎನ್ಗಾಯ್ ಆ ಶಿಖರದಲ್ಲಿ ನೆಲೆಸಿದ್ದಾನೆ. ದೇವರು ಹಿಮದ ಬೆಟ್ಟದಲ್ಲಿರುತ್ತಾನೆಂಬ ಭಾವನೆ ನಮಗಷ್ಟೇ ಮೀಸಲಾದುದಲ್ಲವೆಂಬುದನ್ನು ಓದುಗರು ಗಮನಿಸಬಹುದು. ಆದರೆ ಅದು ದೂರದಿಂದ ಕೈಮುಗಿಯುವ ಹಿಮ. ಇತ್ತೀಚಿನ ದಶಕಗಳಲ್ಲಿ ಆ ಹಿಮನದಿಗಳೂ ಕರಗಿ ಕಿರಿದಾಗುತ್ತ ಬಂದಿವೆ. ಬೋಯ್ಟ್ ಬೆಳೆದುದು ಆ ಪರ್ವತದ ಕಡೆಯಲ್ಲಲ್ಲ, ಪಶ್ಚಿಮದ ಎಲ್ಡೊರೆಟ್ ಪಟ್ಟಣದ ಸುತ್ತಿನ ಪ್ರಸ್ಥಭೂಮಿಯಲ್ಲಿ. ಸಮುದ್ರಮಟ್ಟದಿಂದ ಸುಮಾರು ೨,೧೦೦ ಮೀಟರ್ ಎತ್ತರದಲ್ಲಿರುವ ಆ ಸೀಮೆಯ ಗಾಳಿ ತೆಳುವಾದುದು. ಅಲ್ಲಿ ಓಡಿ ಬೆಳೆದವರ ಎದೆಗೂಡಿಗೆ ವಿಶೇಷ ಬಲ ಬರುತ್ತದೆ. ೧೯೬೮ರಲ್ಲಿ ಮೆಕ್ಸಿಕೋದಲ್ಲಿ ೧,೫೦೦ ಮೀಟರ್ ಓಟದ ಚಿನ್ನ ಗೆದ್ದ ಕಿಪ್ಚೋಗೆ ಕೀನೊ ಮೊದಲಾಗಿ ಕೀನ್ಯಾದ ಹೆಸರಾಂತ ಓಟಗಾರರಲ್ಲಿ ಬಹುಮಂದಿ ಆ ಕಡೆಯವರೇ. ಬೋಯ್ಟ್ ೧೯೭೧ರಲ್ಲಿ ಹುಟ್ಟಿದವರು. ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ೮೦೦ ಮೀಟರ್ ಓಟದ ಕಂಚು ಪಡೆದ ಮೈಕ್ ಬೋಯ್ಟ್ ಅವರ ಬಳಗಕ್ಕೆ ಸೇರಿದವರು; ತಾವೂ ೮೦೦ ಮೀಟರ್ ಓಟಗಾರರೇ. ಓಟಗಾರರು ಮನೆಗೊಬ್ಬರಂತಿರುವ ಆ ನಾಡಿನಲ್ಲಿ ಅವರದು ಒಳ್ಳೆಯ ಓಟವೇ ಹೊರತು ದೇಶದ ಮುಂಚೂಣಿಯ ಓಟವಾಗಿರಲಿಲ್ಲ.

೧೯೯೦ರ ದಶಕದ ನಡುವೆ ನೈಕಿ ಎಂಬ ಕ್ರೀಡಾ ಸಾಮಗ್ರಿಯ ಹೆಸರಾಂತ ಕಂಪನಿಗೆ ಒಂದು ಯೋಚನೆ ಹೊಳೆಯಿತು. ದೂರದ ಓಟದಲ್ಲಿ ಲೋಕವನ್ನೇ ಸೋಲಿಸುವ ಕೀನ್ಯಾದವರಿಗೆ ಸ್ಕೀಯಿಂಗ್ ಕಲಿಸಿದರೆ ಏನಾದೀತು? ಹಿಮದ ಮೇಲೆ ಹತ್ತಾರು ಕಿಲೋಮೀಟರ್ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಸಹ ಉಸಿರಿನ ಆಟವೇ ಅಲ್ಲವೆ? ಹೀಗೆ ಬೋಯ್ಟ್ ಮತ್ತು ಅವರ ಜೊತೆಯ ಓಟಗಾರ ಹೆನ್ರಿ ಬಿಟೋಕ್ ಇಬ್ಬರನ್ನೂ ೧೯೯೬ರ ಫೆಬ್ರುವರಿಯಲ್ಲಿ ಫಿನ್‌ಲ್ಯಾಂಡ್ ದೇಶಕ್ಕೆ ಕರೆದೊಯ್ದರು. ಹಿಮವನ್ನು ಅವರು ಮೊಟ್ಟಮೊದಲು ಮುಟ್ಟಿದ್ದು ಅಲ್ಲಿ. ಒಲಿಂಪಿಕ್ಸಿಗೆ ಉಳಿದಿದ್ದುದು ಸರಿಯಾಗಿ ಎರಡು ವರ್ಷ.

ಈ ಏರ್ಪಾಟು ಆಗಲೇ ಹಲವರ ಟೀಕೆಗೆ ಗುರಿಯಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಇದು ಕ್ರೀಡೆಯಲ್ಲ, ಜಾಹೀರಾತು ಎಂದರು. ಹಾಗೆನ್ನಲು ಕಾರಣವೂ ಇತ್ತು. ೧೯೮೮ರ ಕ್ಯಾಲ್ಗರಿ ಒಲಿಂಪಿಕ್ಸಿನಲ್ಲಿ ಬಿಸಿಲ ದ್ವೀಪವಾದ ಜಮೈಕಾದ ಯುವಕರು ಹಿಮದ ಬಂಡಿಯಲ್ಲಿ ಕುಳಿತು ಸ್ಪರ್ಧಿಸಿದ್ದರು; ಅವರ ಬಂಡಿ ದಾರಿಯಲ್ಲಿ ಮಗುಚಿಕೊಂಡಿತು. ಅದೇ ಕೂಟದಲ್ಲಿ ಬ್ರಿಟನ್ನಿನ ಎಡ್ಡಿ ಎಡ್ವರ್ಡ್ಸ್ ಹಿಮದ ನೆಗೆತದಲ್ಲಿ ಕೊನೆಯವರಾಗಿ ಬಂದರು. ಲೋಕ ಅವರನ್ನು ಪ್ರೀತಿಸಿತು, ಜೊತೆಗೆ ನಕ್ಕಿತು. ಪ್ರೀತಿ ಎಷ್ಟು, ನಗೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆ ಬಳಿಕ ಅರ್ಹತೆಯ ನಿಯಮಗಳನ್ನೂ ಬಿಗಿಗೊಳಿಸಿದರು. ಇಂತಹ ಹಿನ್ನೆಲೆಯಲ್ಲಿ ಕೀನ್ಯಾದ ಸ್ಕೀಗಾರನೆಂದರೆ ಇನ್ನೊಂದು ನಗೆಯ ಪ್ರಸಂಗವೆಂದು ಪತ್ರಿಕೆಗಳು ಎಣಿಸಿದ್ದರೆ ಅಚ್ಚರಿಯಿಲ್ಲ. ಕಂಪನಿಯ ಉದ್ದೇಶ ಪ್ರಚಾರವೇ ಆಗಿತ್ತೆಂದು ನಾವೂ ಬಗೆಯುತ್ತೇವೆ. ಆದರೆ ಕಳುಹಿಸಿದವರ ಉದ್ದೇಶ ಯಾವುದೇ ಇರಲಿ, ಹೋದವನು ಅಲ್ಲಿ ಮಾಡಿದ್ದೇನು ಎಂಬುದನ್ನು ಬೇರೆಯಾಗಿಯೇ ನೋಡಬೇಕಲ್ಲವೆ?

ಈ ಆಟದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಎರಡೂ ಪಾದಗಳಿಗೆ ಆಳೆತ್ತರದ, ಎರಡು ಬೆರಳಗಲವನ್ನು ತುಸುವೇ ಮೀರಿದ ಅಗಲದ, ತೆಳುವಾದ ಪಟ್ಟಿಗಳನ್ನು ಕಟ್ಟಿಕೊಳ್ಳುತ್ತಾರೆ. ಇವೇ ಸ್ಕೀಗಳು. ಬೂಟಿನ ತುದಿ ಮಾತ್ರ ಪಟ್ಟಿಗೆ ಅಂಟಿಕೊಂಡಿದ್ದು ಹಿಮ್ಮಡಿ ಸಡಿಲವಾಗಿರುತ್ತದೆ. ಎರಡೂ ಕೈಗಳಲ್ಲಿ ಊರುಗೋಲುಗಳು. ಸಾಂಪ್ರದಾಯಿಕ ಶೈಲಿಯಲ್ಲಿ, ಹಿಮದಲ್ಲಿ ಮೊದಲೇ ಕೊರೆದಿಟ್ಟ ಎರಡು ಸಮಾನಾಂತರ ಗೆರೆಗಳೊಳಗೆ ಪಟ್ಟಿಗಳನ್ನಿಟ್ಟು, ಒಂದು ಕಾಲಿನಿಂದ ಒದ್ದು ಇನ್ನೊಂದು ಕಾಲಿನ ಮೇಲೆ ಜಾರುತ್ತ ಸಾಗಬೇಕು. ಗಾಡಿಯ ಜಾಡಿನಲ್ಲಿ ಚಕ್ರ ಹೋದಂತೆ ಎಂದುಕೊಳ್ಳಬಹುದು. ಪಟ್ಟಿಯ ನಡುಭಾಗ ಬಿಲ್ಲಿನಂತೆ ತುಸು ಮೇಲಕ್ಕೆ ಬಾಗಿರುತ್ತದೆ. ಮೈಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಬಿಟ್ಟು ಒದ್ದಾಗ ಮಾತ್ರ ಆ ನಡುಭಾಗ ಹಿಮವನ್ನು ಮುಟ್ಟಿ ಹಿಡಿಯುತ್ತದೆ. ಭಾರ ಸರಿದೊಡನೆ ಮೇಲೆದ್ದು ಪಟ್ಟಿ ಜಾರಿಕೊಳ್ಳುತ್ತದೆ. ಆದುದರಿಂದ ನಡುಭಾಗಕ್ಕೆ ಹಿಡಿತ ಕೊಡುವ ಮೇಣವನ್ನೂ, ಹಿಂದು ಮುಂದಿನ ಭಾಗಗಳಿಗೆ ಜಾರಿಸುವ ಮೇಣವನ್ನೂ ಬಳಿಯುತ್ತಾರೆ. ಅಂದಿನ ಹಿಮ ಒಣಗಿದೆಯೋ ಒದ್ದೆಯೋ, ಹೊಸದೋ ಹಳೆಯದೋ ಎಂಬುದನ್ನು ನೋಡಿ ಮೇಣವನ್ನು ಆರಿಸಬೇಕು. ಹಿಡಿತದ ಮೇಣ ಹೆಚ್ಚಾದರೆ ಹಿಮ ಮುದ್ದೆಯಾಗಿ ಅಂಟಿಕೊಂಡು ಕಾಲೇ ಏಳದು. ಕಡಮೆಯಾದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ. ಹಿಮ ಕರಗುವ ಹದಕ್ಕೆ ಬಂದ ದಿನಗಳಲ್ಲಂತೂ ನುರಿತವರೂ ತಪ್ಪುತ್ತಾರೆ.

ಓಟಗಾರನಿಗೆ ಇದೆಲ್ಲ ಎಷ್ಟು ಅಪರಿಚಿತವೆಂಬುದನ್ನು ಊಹಿಸಿಕೊಳ್ಳಿ. ನೆಲವನ್ನು ಒದ್ದರೆ ನೆಲ ತಿರುಗಿ ಒದೆಯುತ್ತದೆ. ಓಟದ ಗುಟ್ಟೇ ಅದು. ಹಿಮವಾದರೋ ಒದೆತವನ್ನು ನುಂಗಿಬಿಡುತ್ತದೆ. ಓಟಗಾರನ ತೋಳುಗಳು ತೆಳುವಾಗಿದ್ದಷ್ಟೂ ಒಳಿತು, ಸ್ಕೀಗಾರನಿಗೆ ತೋಳು, ಬೆನ್ನು, ಹೊಟ್ಟೆಗಳ ಬಲವೆಲ್ಲ ಬೇಕು. ಇವೆಲ್ಲಕ್ಕಿಂತ ಮಿಗಿಲಾದ ಸಂಕಟ ಇಳಿಜಾರಿನದು. ಓಟದಲ್ಲಿ ದಣಿದವನು ನಿಧಾನಿಸಬಹುದು, ಬೇಕೆಂದಾಗ ನಿಲ್ಲಬಹುದು. ಇಳಿಜಾರಿನಲ್ಲಿ ಸ್ಕೀಯ ಮೇಲಿರುವವನನ್ನು ಕೇಳುವವರಿಲ್ಲ. ಬೇಡವೆಂದರೂ ವೇಗ ಏರುತ್ತಲೇ ಹೋಗುತ್ತದೆ, ತಿರುವಿನಲ್ಲಿ ತೂಕ ತಪ್ಪಿದರೆ ಬೀಳುವುದೇ ಸೈ. ಉತ್ತರದ ದೇಶಗಳ ಮಕ್ಕಳು ನಡೆಯಲು ಕಲಿತ ಬೆನ್ನಿಗೇ ಇದನ್ನು ಕಲಿಯುತ್ತಾರೆ. ಬಿದ್ದರೂ ನೋವಾಗದ ವಯಸ್ಸದು. ಬೋಯ್ಟ್ ಕಲಿಯಲಾರಂಭಿಸಿದಾಗ ಅವರಿಗೆ ಇಪ್ಪತ್ತನಾಲ್ಕು ತುಂಬಿತ್ತು. ಊರಿಗೆ ಮರಳಿದಾಗ ಹಿಮವಿಲ್ಲದ ಕಾರಣ ಚಕ್ರ ಜೋಡಿಸಿದ ಗಿಡ್ಡ ಸ್ಕೀಗಳನ್ನು ಕಟ್ಟಿಕೊಂಡು ಎಲ್ಡೊರೆಟ್ಟಿನ ರಸ್ತೆಗಳ ಮೇಲೆ ಅಭ್ಯಾಸ ಮಾಡುತ್ತಿದ್ದರು. ಬಿಸಿಲಿನಲ್ಲಿ ಊರುಗೋಲು ಊರುತ್ತ ಟಾರು ರಸ್ತೆಯಲ್ಲಿ ಜಾರುತ್ತ ಹೋಗುವ ಮನುಷ್ಯನನ್ನು ಕಂಡು ಆ ಊರಿನವರು ಏನೆಂದುಕೊಂಡರೋ!

ಕೊನೆಗೆ ಜಪಾನಿನ ನಾಗಾನೊದಲ್ಲಿ ೧೯೯೮ರ ಫೆಬ್ರುವರಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸಿಗೆ ಕೀನ್ಯಾದಿಂದ ಹೋದ ಕ್ರೀಡಾಪಟು ಬೋಯ್ಟ್ ಒಬ್ಬರೇ. ಚಳಿಗಾಲದ ಒಲಿಂಪಿಕ್ಸಿನಲ್ಲಿ ಆ ದೇಶದ ಹೆಸರು ಕಾಣಿಸಿಕೊಂಡದ್ದೂ ಅದೇ ಮೊದಲು.

ಅವರ ಸ್ಪರ್ಧೆ ಫೆಬ್ರುವರಿ ೧೨ರಂದು, ಹಕುಬಾ ಎಂಬ ಪರ್ವತಗ್ರಾಮದಲ್ಲಿ. ಸಾಂಪ್ರದಾಯಿಕ ಶೈಲಿಯ ೧೦ ಕಿಲೋಮೀಟರ್. ಈ ಸ್ಪರ್ಧೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಅರ್ಧ ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಯಾರು ಎಷ್ಟು ಹೊತ್ತು ತೆಗೆದುಕೊಂಡರೆಂಬುದೇ ಲೆಕ್ಕ. ಅಂದು ಮಳೆಯಲ್ಲಿ ನೆನೆದ, ಭಾರವಾದ ಹಿಮ. ಮೇಣದ ವಿಷಯದಲ್ಲಿ ಯಾರನ್ನೂ ಬಿಡದಂತಹ ದಿನ. ಅದಕ್ಕೆ ಮೂರು ದಿನ ಹಿಂದೆ, ನಡೆದ ೩೦ ಕಿಲೋಮೀಟರ್ ಸ್ಪರ್ಧೆಯಲ್ಲಿ ಮೇಣದ ಆಯ್ಕೆ ತಪ್ಪಿದ್ದರಿಂದ ಲೋಕಪ್ರಸಿದ್ಧ ಸ್ಕೀಗಾರರೊಬ್ಬರು ೨೦ನೆಯ ಸ್ಥಾನಕ್ಕೆ ಇಳಿದುಹೋಗಿದ್ದರು. ಅವರೇ ನಾರ್ವೆಯ ಬ್ಯೋರ್ನ್ ಡೇಲಿ.

ಆದರೆ ೧೨ರಂದು ಡೇಲಿ ತಪ್ಪಲಿಲ್ಲ. ೨೭ ನಿಮಿಷ ೨೪.೫ ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ಅದು ಅವರ ಆರನೆಯ ಒಲಿಂಪಿಕ್ಸ್ ಚಿನ್ನ; ಚಳಿಗಾಲದ ಒಲಿಂಪಿಕ್ಸಿನಲ್ಲಿ ಅಷ್ಟು ಚಿನ್ನ ಗೆದ್ದ ಪುರುಷ ಅದುವರೆಗೆ ಇನ್ನೊಬ್ಬರಿರಲಿಲ್ಲ. ಆಸ್ಟ್ರಿಯದ ಮಾರ್ಕುಸ್ ಗಾಂಡ್ಲರ್ ಎರಡನೆಯವರಾಗಿಯೂ ಫಿನ್‌ಲ್ಯಾಂಡಿನ ಮಿಕಾ ಮ್ಯುಲ್ಯುಲ ಮೂರನೆಯವರಾಗಿಯೂ ಬಂದರು. ಒಬ್ಬೊಬ್ಬರಾಗಿ ಉಳಿದವರೂ ಬಂದರು. ತೊಂಬತ್ತೊಂದು ಮಂದಿ ಬಂದು ಮುಗಿಯಿತು. ಕೀನ್ಯಾದವರು ಮಾತ್ರ ಇನ್ನೂ ಕಾಣಿಸಲಿಲ್ಲ.

ಅವರು ದಾರಿಯಲ್ಲಿಯೇ ಇದ್ದರು. ಒದ್ದೆ ಹಿಮದಲ್ಲಿ ಬೀಳುತ್ತ ಏಳುತ್ತ, ಏರಿನಲ್ಲಿ ಏದುಸಿರು ಬಿಡುತ್ತ, ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಬರುತ್ತಿದ್ದರು. ಬಿಟ್ಟು ಹೊರಬರುವುದಕ್ಕೆ ಅಡ್ಡಿಯೇನಿರಲಿಲ್ಲ. ಅಂತಹ ಸ್ಪರ್ಧೆಗಳಲ್ಲಿ ನುರಿತವರೇ ಅರ್ಧದಲ್ಲಿ ಬಿಡುವುದುಂಟು. ದೇಶದ ಹೆಸರು ಹೊತ್ತು ಒಬ್ಬರೇ ಬಂದವರಿಗೆ ಆ ದಾರಿ ಇರಲಿಲ್ಲವೆಂದೇ ನಮಗೆ ತೋರುತ್ತದೆ. ಕೊನೆಯ ನೇರದಾರಿಯಲ್ಲಿ ಅವರ ಆಕೃತಿ ಕಾಣಿಸಿದಾಗ ನೆರೆದ ಜನ ಕೂಗಿ ಹುರಿದುಂಬಿಸಿದರು. ಅವರು ಗೆರೆ ದಾಟಿದಾಗ ಗಡಿಯಾರ ತೋರಿಸಿದ್ದು ೪೭ ನಿಮಿಷ ೨೫.೫ ಸೆಕೆಂಡು. ಚಿನ್ನ ಗೆದ್ದವರಿಗಿಂತ ಇಪ್ಪತ್ತು ನಿಮಿಷ ಒಂದು ಸೆಕೆಂಡು ಹೆಚ್ಚು. ಸ್ಥಾನ ತೊಂಬತ್ತೆರಡು, ಕಟ್ಟಕಡೆಯದು.

ಗೆರೆಯ ಆಚೆ ಡೇಲಿ ನಿಂತಿದ್ದರು.

ಗೆದ್ದವರಿಗೆ ಹೂಗುಚ್ಛ ನೀಡುವ ಸಮಾರಂಭಕ್ಕೆ ಎಲ್ಲವೂ ಸಿದ್ಧವಾಗಿತ್ತು. ಆದರೆ ಕೀನ್ಯಾದವರು ಇನ್ನೂ ಬರಬೇಕಾಗಿದೆ, ಅವರು ಬಂದ ಮೇಲೆಯೇ ಎಂದು ಡೇಲಿ ಅದನ್ನು ತಡೆಹಿಡಿದಿದ್ದರು. ಬೋಯ್ಟ್ ಗೆರೆ ದಾಟುತ್ತಲೇ ಮುಂದೆ ಬಂದು ಅವರನ್ನು ತಬ್ಬಿಕೊಂಡರು. ಬೆವರು ಮಳೆಗಳಲ್ಲಿ ತೊಯ್ದ ಆ ಇಬ್ಬರೂ, ಭುಜಕ್ಕೆ ಭುಜ ತಾಗಿಸಿ ನಿಂತ ಚಿತ್ರ ಮರುದಿನ ಲೋಕದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಆ ಒಲಿಂಪಿಕ್ಸಿನಲ್ಲಿ ಯಾರು ಯಾವ ಪದಕ ಗೆದ್ದರೆಂಬುದನ್ನು ಮರೆತವರೂ ಈ ಚಿತ್ರವನ್ನು ಮರೆತಿಲ್ಲ.

ಹೊರನೋಟಕ್ಕೆ ಇದು ಕ್ಷಣದ ಸೌಜನ್ಯದಂತೆ ಕಾಣಬಹುದು. ಆದರೆ ಹಿಮದ ಆಟವನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಶಕ್ತಿಯನ್ನೆಲ್ಲ ಬಸಿದು ಸ್ಪರ್ಧೆ ಮುಗಿಸಿದ ಮೈ, ಒದ್ದೆ ಬಟ್ಟೆಯಲ್ಲಿ ಬೇಗನೆ ತಣ್ಣಗಾಗುತ್ತದೆ. ಕೂಡಲೇ ಬಟ್ಟೆ ಬದಲಿಸಿ ಬೆಚ್ಚಗೆ ವಿಶ್ರಮಿಸಬೇಕೆಂಬುದು ಅವರ ಪಾಠ. ಅಲ್ಲದೆ ಡೇಲಿಯ ಕೆಲಸ ಅಂದಿಗೇ ಮುಗಿದಿರಲಿಲ್ಲ. ಎರಡೇ ದಿನಗಳ ಬಳಿಕ ಇನ್ನೊಂದು ಸ್ಪರ್ಧೆ ಕಾದಿತ್ತು. ಅದರಲ್ಲಿ ಅವರು ತಮ್ಮದೇ ದೇಶದ ಥಾಮಸ್ ಆಲ್ಸ್‌ಗಾರ್ಡ್ ಅವರಿಗೆ ಸೋತು ಬೆಳ್ಳಿ ಪಡೆದರು. ಆ ಬಳಿಕ ಮತ್ತೆರಡು ಚಿನ್ನ ಗೆದ್ದು ಒಟ್ಟು ಎಂಟು ಚಿನ್ನ, ನಾಲ್ಕು ಬೆಳ್ಳಿಗಳ ಒಡೆಯರಾದರು. ಇಷ್ಟೆಲ್ಲ ಮುಂದಿರುವಾಗ, ಹೆಸರು ಸಹ ಸರಿಯಾಗಿ ಕೇಳಿರದ ಒಬ್ಬ ಪರದೇಶಿಗಾಗಿ ಮಳೆಯಲ್ಲಿ ನಿಂತರಲ್ಲ!

ನಮ್ಮ ಹಳ್ಳಿಯ ಶಾಲೆಯ ದಿನಗಳು ಇಲ್ಲಿ ನೆನಪಾಗುತ್ತವೆ. ಗಣರಾಜ್ಯೋತ್ಸವದಂದು ಓಟದ ಪಂದ್ಯ ಏರ್ಪಡುತ್ತಿತ್ತು. ಮೊದಲ ಮೂವರು ಬಂದೊಡನೆ ಸುಣ್ಣದ ಗೆರೆಯ ಬಳಿಯ ದಾರವನ್ನು ಸುತ್ತಿ ಇಡುವುದು ವಾಡಿಕೆ. ಒಂದು ವರ್ಷ ಕಾಲಿನಲ್ಲಿ ಸ್ವಲ್ಪ ಊನವಿದ್ದ ಹುಡುಗನೊಬ್ಬ ಹಟ ಹಿಡಿದು ಓಟಕ್ಕೆ ನಿಂತ. ಅವನು ಬರುವ ಹೊತ್ತಿಗೆ ಮುಂದಿನ ಪಂದ್ಯದ ಹುಡುಗರು ಗೆರೆಯ ಮೇಲೆ ಸಾಲಾಗಿ ನಿಂತಿದ್ದರು. ಅವನಿಗೆ ದಾಟಲು ಗೆರೆಯೇ ಉಳಿದಿರಲಿಲ್ಲ. ಅತ್ತಿತ್ತ ನೋಡಿ, ಬೇವಿನ ಮರದ ಕಡೆಗೆ ಹೊರಳಿ ಹೋಗಿ ಕುಳಿತ. ಅಂದು ನಕ್ಕವರಲ್ಲಿ ನಾವೂ ಇದ್ದೆವು. ಹಕುಬಾದ ಆ ಚಿತ್ರವನ್ನು ಮೊದಲ ಬಾರಿ ಕಂಡಾಗ ನಮ್ಮ ಕಣ್ಣ ಮುಂದೆ ಬಂದುದು ಆ ಬೇವಿನ ಮರ.

ಬೋಯ್ಟ್ ಕೇವಲ ಜಾಹೀರಾತಿನ ಬೊಂಬೆಯಾಗಿದ್ದರೆ ಕಥೆ ಅಲ್ಲಿಗೆ ನಿಲ್ಲಬೇಕಾಗಿತ್ತು. ಚಿತ್ರ ಅಚ್ಚಾಗಿತ್ತು, ಹೆಸರು ಹಬ್ಬಿತ್ತು, ಇನ್ನೇನು ಬೇಕಿತ್ತು? ಆದರೆ ಅವರು ಸ್ಕೀಗಳನ್ನು ಕೆಳಗಿಡಲಿಲ್ಲ. ೨೦೦೨ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ, ೨೦೦೬ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಮತ್ತೆ ಕೀನ್ಯಾದ ಪರವಾಗಿ ಹಿಮಕ್ಕಿಳಿದರು. ಆಗ ಅವರನ್ನು ಸುತ್ತುವರಿಯಲು ಮೊದಲಿನಷ್ಟು ಛಾಯಾಗ್ರಾಹಕರು ಬರುವ ಸಂಭವವಿರಲಿಲ್ಲ. ಒಮ್ಮೆ ಕಂಡದ್ದು ಪತ್ರಿಕೆಗಳಿಗೆ ಹಳೆಯದು. ೨೦೧೦ರ ವ್ಯಾಂಕೂವರ್ ಒಲಿಂಪಿಕ್ಸಿಗೂ ಪ್ರಯತ್ನಿಸಿದರು, ಅರ್ಹತೆ ದೊರೆಯಲಿಲ್ಲ. ಆ ಹೊತ್ತಿಗೆ ಅವರಿಗೆ ಮೂವತ್ತೆಂಟು ವರ್ಷ. ಬಿಸಿಲ ಸೀಮೆಯ ಮನುಷ್ಯನೊಬ್ಬ ಹದಿನಾಲ್ಕು ವರ್ಷ ಹಿಮದ ಹಿಂದೆ ಬಿದ್ದುದನ್ನು ಯಾವ ಕಂಪನಿಯ ಪ್ರಚಾರವೆಂದು ಕರೆಯೋಣ?

ಹಕುಬಾದಲ್ಲಿ ಆದದ್ದು ಅಲ್ಲಿಗೇ ಮುಗಿಯಲಿಲ್ಲವೆಂಬುದಕ್ಕೆ ಇನ್ನೊಂದು ಪ್ರಸಂಗವುಂಟು. ಸರಿಯಾಗಿ ಇಪ್ಪತ್ತು ವರ್ಷಗಳ ಬಳಿಕ, ೨೦೧೮ರಲ್ಲಿ ದಕ್ಷಿಣ ಕೊರಿಯದ ಪ್ಯೊಂಗ್‌ಚಾಂಗ್‌ನಲ್ಲಿ ೧೫ ಕಿಲೋಮೀಟರ್ ಸ್ಪರ್ಧೆ. ಶಾಂತಸಾಗರದ ಟೋಂಗಾ ದ್ವೀಪರಾಜ್ಯದ ಪೀಟಾ ಟೌಫಾಟೊಫುವಾ ಅಲ್ಲಿದ್ದರು. ಮೂಲತಃ ಟೇಕ್ವಾಂಡೊ ಆಟಗಾರರು. ಅವರೂ ರಸ್ತೆಯ ಮೇಲೆ ಚಕ್ರದ ಸ್ಕೀಗಳಲ್ಲಿ ಪಳಗಿ, ಕಡೆಯ ಗಳಿಗೆಯಲ್ಲಿ ಐಸ್‌ಲ್ಯಾಂಡಿನಲ್ಲಿ ಅರ್ಹತೆ ಗಳಿಸಿ ಬಂದವರು. ಮರಕ್ಕೆ ಡಿಕ್ಕಿ ಹೊಡೆಯದೆ, ಮೈದಾನದ ದೀಪ ಆರಿಸುವುದರೊಳಗೆ ಗುರಿ ಮುಟ್ಟುವುದೇ ತಮ್ಮ ಆಸೆಯೆಂದು ನಗೆಯಾಡಿದ್ದರು. ಅಂದು ಕಟ್ಟಕಡೆಗೆ, ನೂರ ಹದಿನಾರನೆಯವರಾಗಿ ಬಂದವರು ಮೆಕ್ಸಿಕೋದ ಹೆರ್ಮನ್ ಮದ್ರಾಸೊ. ನಲವತ್ತು ದಾಟಿದ ಮೇಲೆ ಸ್ಕೀಯಿಂಗ್ ಕಲಿತ ಮನುಷ್ಯ. ಗೆದ್ದವರಿಗಿಂತ ಸುಮಾರು ೨೬ ನಿಮಿಷ ಹಿಂದೆ, ಕೈಯಲ್ಲಿ ತಮ್ಮ ದೇಶದ ಬಾವುಟ ಹಿಡಿದು ಗೆರೆ ದಾಟಿದರು. ಟೋಂಗಾದವರೂ ಅವರಂತೆಯೇ ಹಿಂದೆ ಬಿದ್ದ ಇತರರೂ ಕಾದು ನಿಂತು ಅವರನ್ನು ಹೆಗಲ ಮೇಲೆತ್ತಿದರು. ಚಿನ್ನ ಗೆದ್ದ ಸ್ವಿಟ್ಜರ್‌ಲ್ಯಾಂಡಿನ ಡಾರಿಯೊ ಕೊಲೋನ್ಯ ಸಹ ಹೋಗಿಬಿಡದೆ ಅಲ್ಲಿಯೇ ಇದ್ದು ಅವರ ಕೈಕುಲುಕಿದರು.

ನಮ್ಮ ಕನ್ನಡ ನಾಡಿಗೂ ಈ ಆಟದ ನಂಟು ಬಂದಿದೆಯೆಂಬುದನ್ನು ಹೇಳದಿರಲಾರೆವು. ಕೊಡಗಿನ ಕೃಷಿಕ ಮನೆತನದ ಹೆಣ್ಣುಮಗಳು ತೆಕ್ಕಡ ಭವಾನಿ, ೨೦೨೫ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನಡೆದ ೫ ಕಿಲೋಮೀಟರ್ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದರು. ಭಾರತಕ್ಕೆ ಗುಲ್ಮಾರ್ಗದಂತಹ ಹಿಮದ ನೆಲೆಗಳುಂಟು, ಕೀನ್ಯಾದ ಪಾಡು ನಮ್ಮದಲ್ಲ, ನಿಜ. ಆದರೆ ಕೊಡಗಿನಲ್ಲಿ ಮಂಜು ಮುಸುಕುತ್ತದೆಯೇ ಹೊರತು ಹಿಮ ಬೀಳುವುದಿಲ್ಲ. ಕಾಫಿ ತೋಟದ ನಾಡಿನಿಂದ ಆ ಹಿಮದ ಜಾಡಿನವರೆಗಿನ ದಾರಿ ಎಷ್ಟು ಉದ್ದವೆಂಬುದನ್ನು ಬೋಯ್ಟ್ ಅವರ ಕಥೆ ಕೇಳಿದ ಓದುಗರು ತಾವೇ ಅಳೆಯಬಲ್ಲರು.

ಡೇಲಿ ೧೯೯೯ರ ಬೇಸಗೆಯಲ್ಲಿ ಚಕ್ರದ ಸ್ಕೀಗಳ ಮೇಲೆ ಅಭ್ಯಾಸ ಮಾಡುವಾಗ ಬಿದ್ದು ಬೆನ್ನಿಗೆ ಪೆಟ್ಟಾಗಿ, ಮತ್ತೆ ಚೇತರಿಸಿಕೊಳ್ಳಲಾಗದೆ, ೨೦೦೧ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರು. ಬೋಯ್ಟ್ ಮತ್ತೆ ಒಲಿಂಪಿಕ್ಸಿಗೆ ಹೋದಾಗ ಗೆರೆಯ ಆಚೆ ಕಾಯುವುದಕ್ಕೆ ಅವರು ಸ್ಪರ್ಧಿಯಾಗಿ ಅಲ್ಲಿರಲಿಲ್ಲ. ಆದರೂ ಇಬ್ಬರ ಸ್ನೇಹ ಉಳಿದುಬಂತು. ಹೆಸರಿಡುವುದೆಂದರೆ ನಮ್ಮಲ್ಲಿ ಅಜ್ಜನ ಹೆಸರೋ ಮನೆದೇವರ ಹೆಸರೋ ಮೊದಲು ನೆನಪಾಗುತ್ತದೆ. ಎಲ್ಡೊರೆಟ್ ಸೀಮೆಯ ಆ ಮನೆಯಲ್ಲಿ ಗಂಡುಮಗುವೊಂದು ಹುಟ್ಟಿದಾಗ ಬೋಯ್ಟ್ ಅದಕ್ಕಿಟ್ಟ ಹೆಸರು ಡೇಲಿ.